ಅಪ್ಪನ ಜೊತೆ ಕೂತು ನೋಡೋಕೆ ಯಾವ ಸಿನಿಮಾ?

ಪ್ರಶ್ನೆ:
ಅಪ್ಪನಿಗೆ ಎಪ್ಪತ್ತು ದಾಟಿದೆ. ಇಬ್ಬರೂ ಭಾನುವಾರಕ್ಕೊಂದು ಕನ್ನಡ ಸಿನಿಮಾ ನೋಡ್ತಿದ್ದೀವಿ. ‘ಘಟಶ್ರಾದ್ಧ’ (1977) ನನ್ನನ್ನು ಅಲುಗಾಡಿಸಿಬಿಟ್ಟಿತು. ಯಮುನಕ್ಕನ ಕಷ್ಟವನ್ನೆಲ್ಲ ಪುಟ್ಟ ನಾಣಿಯ ಕಣ್ಣಿಂದ ತೋರಿಸ್ತಾರೆ ಕಾಸರವಳ್ಳಿ. ಅವನಿಗೆ ಅರ್ಧ ಅರ್ಥವಾಗುತ್ತೆ, ನಮಗೆ ಪೂರ್ತಿ. ಆ ಅಂತರದಲ್ಲೇ ಎದೆ ಹಿಂಡುತ್ತೆ. ಮುಗಿದ ಮೇಲೆ ಅಪ್ಪ ಏನೂ ಮಾತಾಡದೆ ಎದ್ದು ಹೋದರು. ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವಾಗ ಮಾತ್ರ ಮಗುವಿನ ಹಾಗೆ ನಕ್ಕರು. ಮುಂದೆ ಯಾವುದು ಹಾಕಲಿ?

ಉತ್ತರ 1:
‘ತಿಥಿ’ ಹಾಕಿ. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದನೇ ದಿನದವರೆಗಿನ ಕಥೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಊರ ಮಾತೂ ಬೇಡ.

ಉತ್ತರ 2:
‘ಉಳಿದವರು ಕಂಡಂತೆ’ (2014) ನೋಡಿ. ಮಲ್ಪೆಯ ಸಮುದ್ರ, ಹುಲಿವೇಷ, ನಮ್ಮ ಕಡೆಯ ಕನ್ನಡ. ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳ್ತಾರೆ, ಮೊದಲ ಸಲ ತಲೆಬುಡ ಸಿಗದಿದ್ರೂ ಬಿಡಬೇಡಿ. ನಾನು ಎರಡನೇ ಸಲಕ್ಕೆ ಅದರ ಬಲೆಗೆ ಬಿದ್ದೆ.

ಪ್ರಶ್ನೆ ಕೇಳಿದವರು:
ನಿನ್ನೆ ‘ತಿಥಿ’ ನೋಡಿದ್ವಿ. ಗಡ್ಡಪ್ಪ ನಡೆಯೋದನ್ನ ನೋಡಿ ಅಪ್ಪ, “ನಮ್ಮ ದೊಡ್ಡಪ್ಪ ಥೇಟ್ ಹಿಂಗೇ ಇದ್ದ ಕಣೋ” ಅಂದರು. ಆ ದೊಡ್ಡಜ್ಜನ ಕಥೆ ರಾತ್ರಿ ಹನ್ನೊಂದರವರೆಗೂ ನಡೀತು. ಮಲ್ಪೆ ಮುಂದಿನ ಭಾನುವಾರಕ್ಕೆ.