‘ಕರಗು’ ಒಂದೇ ಪದ, ಪ್ಲಾಸ್ಟಿಕ್ ವಿಷಯಕ್ಕೆ ಬಂದ್ರೆ ಮೂರು ಅರ್ಥ – ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಪ್ಲಾಸ್ಟಿಕ್ ಹೇಗೆ ತಯಾರಾಗುತ್ತೆ ಅಂತ ಒಂದು ಲೇಖನ ಬರೀತಾ ಇದೀನಿ, ‘ಕರಗು’ ಅನ್ನೋ ಪದದ ಹತ್ರ ಬಂದು ನಿಂತುಬಿಟ್ಟಿದೆ. ‘ಪ್ಲಾಸ್ಟಿಕ್ ನೂರಾರು ವರ್ಷ ಆದ್ರೂ ಕರಗಲ್ಲ’ ಅಂತ ಪೇಪರಲ್ಲಿ ಓದಿರೋ ಮಗು, ನನ್ನ ಲೇಖನದಲ್ಲಿ ‘ಪ್ಲಾಸ್ಟಿಕ್ ದಾನಾ (ಸಣ್ಣ ಕಾಳು) ಕರಗಿಸಿ ಅಚ್ಚಿಗೆ ತುಂಬ್ತಾರೆ’ ಅಂತ ಓದಿದ್ರೆ ಏನು ತಿಳ್ಕೋಬೇಕು? ಥರ್ಮೋಕೋಲ್ ಮೇಲೆ ಪೆಟ್ರೋಲ್ ಬಿದ್ರೂ ‘ಕರಗಿಹೋಯ್ತು’ ಅಂತಾನೇ ಅಂತೀವಿ.

ಒಳಗೆ ನಡೆಯೋದು ಮೂರೂ ಬೇರೆ ಬೇರೆ. ಪಾಲಿಥೀನ್ ಅಂದ್ರೆ ಸಾವಿರಾರು ಎಥಿಲೀನ್ ಅಣುಗಳು ಸೇರಿ ಆಗಿರೋ ಉದ್ದುದ್ದ ಸರಪಳಿಗಳು. ಕವರ್ ಮಾಡೋ ತೆಳು ಪಾಲಿಥೀನ್ ಸುಮಾರು 110 ಡಿಗ್ರಿಗೆ, ಬಕೆಟ್ ಮಾಡೋ ಗಟ್ಟಿ ಜಾತಿ 130ರ ಆಸುಪಾಸಿಗೆ ಸಡಿಲಾಗಿ ಸರಪಳಿಗಳು ಒಂದರ ಪಕ್ಕ ಒಂದು ಜಾರ್ತವೆ, ತಣ್ಣಗಾದ್ರೆ ಮತ್ತೆ ಗಟ್ಟಿ. ಪೆಟ್ರೋಲಲ್ಲಿ ಥರ್ಮೋಕೋಲ್ ಹಾಕಿದಾಗ ಸರಪಳಿಗಳು ಬಿಡಿಬಿಡಿಯಾಗ್ತವೆ, ಒಳಗಿದ್ದ ಗಾಳಿ ಹೊರಗೆ ಹೋಗುತ್ತೆ, ಆದ್ರೆ ಒಂದೂ ತುಂಡಾಗಲ್ಲ, ಪೆಟ್ರೋಲ್ ಆರಿದ್ಮೇಲೆ ಪಾಲಿಸ್ಟೈರೀನ್ (ಥರ್ಮೋಕೋಲ್ ಮಾಡೋ ಪ್ಲಾಸ್ಟಿಕ್) ಅಲ್ಲೇ ಉಳ್ಕೊಂಡಿರುತ್ತೆ. ಮಣ್ಣಲ್ಲಿ ‘ಕರಗಬೇಕು’ ಅಂದ್ರೆ ಮಾತ್ರ ಸರಪಳಿನೇ ಕಡೀಬೇಕು, ಅದು ಸೂಕ್ಷ್ಮಜೀವಿಗಳಿಗೆ ಸುಲಭ ಅಲ್ಲ.

ಇನ್ನು ಬೇಕಲೈಟ್. 1907ರಲ್ಲಿ ಲಿಯೋ ಬೇಕಲಂಡ್ ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು, ಹಳೇ ಕಪ್ಪು ಸ್ವಿಚ್ಚು, ಕುಕ್ಕರ್ ಹಿಡಿ ಎಲ್ಲ ಇದೇ. ಇದರಲ್ಲಿ ಸರಪಳಿಗಳಿಗೆ ಅಡ್ಡಡ್ಡ ಬೆಸುಗೆ ಬಿದ್ದಿರೋದ್ರಿಂದ ಕಾಯಿಸಿದ್ರೆ ಮೆತ್ತಗಾಗಲ್ಲ, ಕೊನೆಗೆ ಸುಟ್ಟು ಕರಿಯಾಗುತ್ತೆ. ಮೋಲ್ಡಿಂಗ್ ಶೆಡ್ಡಲ್ಲಿ ನೋಡಿ, ಬಕೆಟ್ಟಿನ ಅಂಚಲ್ಲಿ ಉಳಿದ ಚೂರನ್ನ ಗ್ರೈಂಡರ್‌ಗೆ ಹಾಕಿ ದಾನಾ ಜೊತೆ ಮತ್ತೆ ಮೆಷಿನ್‌ಗೆ ಸುರೀತಾರೆ, ಬೇಕಲೈಟ್ ಚೂರಿಗೆ ಆ ಭಾಗ್ಯ ಇಲ್ಲ. ಇದಕ್ಕೆ ‘ಕರಗಲ್ಲ’ ಅಂತ ಬರೆದ್ರೆ, ಮಣ್ಣಲ್ಲಿ ಕರಗದ ಕವರ್ ಜೊತೆ ಗೊಂದಲ ಆಗೋದು ಗ್ಯಾರಂಟಿ.

ಈ ಗೊಂದಲ ಮಕ್ಕಳಿಗಷ್ಟೇ ಅಲ್ಲ. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆದ್ಮೇಲೆ ಅಂಗಡಿಗಳಲ್ಲಿ ‘ಕರಗೋ ಬ್ಯಾಗ್’ ಅನ್ನೋ ಮಾತು ಓಡಾಡ್ತಾ ಇದೆ. ಮೆಕ್ಕೆಜೋಳದ ಪಿಷ್ಟದಿಂದ ಮಾಡೋ ಪಿಎಲ್ಎ ಅನ್ನೋ ಪ್ಲಾಸ್ಟಿಕ್ ಸರಿಯಾಗಿ ಕೊಳೀಬೇಕಾದ್ರೆ 60 ಡಿಗ್ರಿ ಹತ್ರದ ಬಿಸಿ ಇರೋ ಕಾಂಪೋಸ್ಟ್ ಘಟಕ ಬೇಕು, ಜನ ‘ಕರಗುತ್ತಲ್ಲ’ ಅಂತ ಚರಂಡಿಗೆ ಎಸೀತಾರೆ, ಅದು ಅಲ್ಲೇ ಕೂತಿರುತ್ತೆ. ಒಂದು ಪದ ಇಷ್ಟು ಹಾನಿ ಮಾಡುತ್ತೆ ಅಂದ್ರೆ ನಂಗೆ ನಿಜಕ್ಕೂ ಬೇಜಾರು.

ಪುಸ್ತಕದ ಪದಗಳು ಇವೆ, ದ್ರವಿಸು, ವಿಲೀನವಾಗು, ಜೈವಿಕ ವಿಘಟನೆ. ಆದ್ರೆ ಪಾಲಿಸ್ಟೈರೀನ್ ಒಂದೇ ಸಲ ದ್ರವ ಆಗಲ್ಲ, 100 ಡಿಗ್ರಿ ದಾಟಿದ ಹಾಗೆ ಮೆಲ್ಲಗೆ ಮೆತ್ತಗಾಗುತ್ತೆ, ಅದಕ್ಕೆ ‘ದ್ರವಿಸು’ ಹೊಂದಲ್ಲ. ನನ್ನ ಮನಸ್ಸು ಶಾಖಕ್ಕೆ ‘ಮೆತ್ತಗಾಗು’, ಪೆಟ್ರೋಲಿಗೆ ‘ಕರಗು’, ಮಣ್ಣಿಗೆ ‘ಮಣ್ಣಾಗು’ ಅನ್ನೋ ಕಡೆಗಿದೆ. ‘ಪ್ಲಾಸ್ಟಿಕ್ ಮಣ್ಣಾಗಲ್ಲ’ ಅಂದ್ರೆ ನಿಮ್ಮ ಕಿವಿಗೆ ಸರಿ ಅನ್ಸುತ್ತಾ? ಹುಬ್ಬಳ್ಳಿ ಕಡೆ, ಕರಾವಳಿ ಕಡೆ ಎರಕ ಹೊಯ್ಯೋರು ಲೋಹ ಕರಗೋದಕ್ಕೆ ಬೇರೆ ಪದ ಏನಾದ್ರೂ ಬಳಸ್ತಾರಾ? ಗೊತ್ತಿದ್ರೆ ದಯವಿಟ್ಟು ವಾಕ್ಯದ ಸಮೇತ ಬರೀರಿ.