ಮರು: ಸುರಂಗದ ಕರಾರಿನಲ್ಲಿ ‘ಬೇಸ್‌ಲೈನ್’ ಅನ್ನೋದಕ್ಕೆ ಕನ್ನಡದಲ್ಲಿ ಏನು? ಸೋಮವಾರದೊಳಗೆ ಬೇಕು

> ಸುರಂಗ ಕೆಲಸದ ಉಪಗುತ್ತಿಗೆದಾರರಿಗೆ ಒಂದು ಕನ್ನಡ ಕೈಪಿಡಿ ಮಾಡುತ್ತಿದ್ದೇನೆ. ಜಿಯೋಟೆಕ್ನಿಕಲ್ ಬೇಸ್‌ಲೈನ್ ರಿಪೋರ್ಟ್‌ಗೆ ‘ಭೂತಾಂತ್ರಿಕ ಆಧಾರ ವರದಿ’ ಎಂದು ಹಾಕಿದ್ದೇನೆ. ಸರೀನಾ? ಸೋಮವಾರ ಅಚ್ಚಿಗೆ ಹೋಗಬೇಕು.

ಸರಿಯಿಲ್ಲ ಮೇಡಂ. ‘ಆಧಾರ’ ಬೇಡವೇ ಬೇಡ.

ಆಧಾರ ಅಂದ ಕೂಡಲೇ ನಮ್ಮ ಜನಕ್ಕೆ ಪುರಾವೆ ನೆನಪಾಗುತ್ತದೆ. ನೆಲದೊಳಗೆ ಇರುವುದು ಇದೇ ಅಂತ ಯಾರೋ ಖಾತ್ರಿ ಮಾಡಿ ಕೊಟ್ಟ ಕಾಗದ ಅಂದುಕೊಳ್ಳುತ್ತಾರೆ. ಬೋರು ಕೊರೆದು ತೆಗೆದ ಕಲ್ಲು ಮಣ್ಣಿನ ವಿವರ ಇರುವುದು ಬೇರೆ ವರದಿಯಲ್ಲಿ, ಅದು ಡೇಟಾ ರಿಪೋರ್ಟ್. ಬೇಸ್‌ಲೈನ್ ಅಂದರೆ ‘ನೆಲ ಹೀಗಿದೆ ಅಂತ ಇಟ್ಟುಕೊಳ್ಳೋಣ, ಲೆಕ್ಕ ಇಲ್ಲಿಂದ ಶುರು’ ಎಂದು ಇಬ್ಬರೂ ಒಪ್ಪಿ ಎಳೆದ ಗೆರೆ. ಗೆರೆಯ ಈಚೆ ಏನು ಬಂದರೂ ಗುತ್ತಿಗೆದಾರನ ಹೊಣೆ. ಆಚೆ ಬಂದರೆ ಕೆಲಸ ಕೊಟ್ಟವರ ಹೊಣೆ. ಫಿಡಿಕ್, ಅಂದರೆ ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದವರು, ಅಂತರರಾಷ್ಟ್ರೀಯ ಸುರಂಗ ಸಂಘದ ಜೊತೆ ಸೇರಿ 2019ರಲ್ಲಿ ತಂದ ಮಾದರಿ ಕರಾರು ಎಮರಾಲ್ಡ್ ಬುಕ್ ನಿಂತಿರುವುದೇ ಈ ಗೆರೆಯ ಮೇಲೆ. ಅವರದೇ 1999ರ ಸಿಲ್ವರ್ ಬುಕ್‌ನಲ್ಲಿ ನೆಲದ ಕಷ್ಟವೆಲ್ಲ ಹೆಚ್ಚುಕಡಿಮೆ ಗುತ್ತಿಗೆದಾರನ ತಲೆಗೇ ಕಟ್ಟಿತ್ತು.

ಅದಕ್ಕೇ ನಾನು ಹೇಳುವುದು ‘ಹೊಣೆಗೆರೆ ವರದಿ’. ಮೊದಲ ಸಲ ಬಂದಾಗ ‘ಬೇಸ್‌ಲೈನ್ ವರದಿ, ಅಂದರೆ ಹೊಣೆಗೆರೆ ವರದಿ’ ಎಂದು ಬರೆಯಿರಿ. ಆಮೇಲೆ ಬರೀ ಹೊಣೆಗೆರೆ ಸಾಕು.

ಇಷ್ಟು ಹಟ ಯಾಕೆ ಅಂದರೆ, ನಾನು ಸುರಂಗದ ಕೆಲಸದಲ್ಲಿ ವರ್ಷಗಟ್ಟಲೆ ಅಳತೆ ಪುಸ್ತಕ ಬರೆದವನು. ಒಂದು ಕಡೆ ನಮ್ಮ ಸೋಮವಾರಪೇಟೆ ಕಡೆಯವರೇ ಒಬ್ಬರು ಉಪಗುತ್ತಿಗೆ ಹಿಡಿದಿದ್ದರು. ಅವರ ಕೈಗೆ ಕೊಟ್ಟ ಕನ್ನಡ ಸಾರಾಂಶದಲ್ಲೂ ‘ಆಧಾರ ವರದಿ’ ಎಂದೇ ಇತ್ತು. ಇಂಜಿನಿಯರುಗಳ ಪುರಾವೆ ಕಾಗದ, ನಮಗೇನು ಅಂತ ಬದಿಗಿಟ್ಟರು. ರೇಟು ಹಾಕುವಾಗ ತೆರೆದೇ ನೋಡಲಿಲ್ಲ. ಒಳಗೆ ಕೊಳೆತ ಕಲ್ಲು ಸಿಕ್ಕಿತು, ನೀರು ನುಗ್ಗಿತು. ನೀರು ಬರುತ್ತದೆ ಅಂತ ಆ ವರದಿಯಲ್ಲೇ ಇತ್ತು, ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಲೆಕ್ಕ ಸಮೇತ. ಪಂಪಿನ ಬಾಡಿಗೆ, ಡೀಸೆಲ್ ಎಲ್ಲ ಅವರ ಮೇಲೇ ಬಿತ್ತು. ತೋಟದ ಒಂದು ತುಂಡು ಮಾರಿದರು. ಒಂದು ಪದದಿಂದಲೇ ಎಲ್ಲ ಆಯಿತು ಅನ್ನುವುದಿಲ್ಲ. ಆದರೆ ಹೊಣೆ ಎಂಬ ಮಾತು ಹೆಸರಲ್ಲೇ ಇದ್ದಿದ್ದರೆ ಅವರು ಆ ಪುಟ ತಿರುವುತ್ತಿದ್ದರು.

ಸಮಯದ ಕಲಮಿಗೂ ಇದೇ ಗೆರೆ ಬೇಕು. ಲೆಕ್ಕಕ್ಕೆ ಒಂದು ಉದಾಹರಣೆ ಹಾಕಿ, ಜನಕ್ಕೆ ತಿಳಿಯುತ್ತದೆ. 1000 ಮೀಟರ್ ಸುರಂಗ. ವರದಿ ಪ್ರಕಾರ 600 ಮೀಟರ್ ಗಟ್ಟಿ ಕಲ್ಲು, 400 ಮೀಟರ್ ಸಡಿಲ. ಗಟ್ಟಿಯಲ್ಲಿ ದಿನಕ್ಕೆ 4 ಮೀಟರ್, ಸಡಿಲದಲ್ಲಿ 1 ಮೀಟರ್ ಅಂತ ಗುತ್ತಿಗೆದಾರ ಬರೆದುಕೊಟ್ಟಿದ್ದಾನೆ. ಒಟ್ಟು 550 ದಿನ. ಅಗೆದಾಗ ಅರ್ಧಕ್ಕರ್ಧ ಸಿಕ್ಕಿತು ಅಂದರೆ 625 ದಿನ. ಆ 75 ದಿನ ಅವನಿಗೆ ಸಿಗಬೇಕು. ನೆಲ ಒಳ್ಳೆಯದಾಗಿ ಬಂದರೆ ಗಡುವು ಹಿಂದಕ್ಕೂ ಬರುತ್ತದೆ. ಹಾಗಾಗಿ ‘ಅವಧಿ ವಿಸ್ತರಣೆ’ ಅಂತ ಬರೆಯಬೇಡಿ, ‘ಅವಧಿ ಹೊಂದಿಸುವುದು’ ಅನ್ನಿ.

> ಮುಂದಿನ ಪುಟದಲ್ಲಿ ‘ಅನಿರೀಕ್ಷಿತ ಭೌತಿಕ ಪರಿಸ್ಥಿತಿ’ ಎಂದಿದೆ.

ತಪ್ಪು. ಊಹಿಸದ್ದು ಬೇರೆ, ಊಹಿಸಲಾಗದ್ದು ಬೇರೆ. ಕಲಮು ಹೇಳುವುದು ಎರಡನೆಯದನ್ನು. ಅನುಭವ ಇರುವ ಗುತ್ತಿಗೆದಾರನಿಗೂ ಮೊದಲೇ ಊಹಿಸಲು ಆಗುತ್ತಿರಲಿಲ್ಲ ಎಂದಾಗ ಮಾತ್ರ ಹಣ ಕೇಳಬಹುದು. ‘ನಾನು ನಿರೀಕ್ಷೆ ಮಾಡಿರಲಿಲ್ಲ’ ಅಂದರೆ ಯಾರೂ ಕೇಳುವುದಿಲ್ಲ. ‘ಮೊದಲೇ ಊಹಿಸಲಾಗದ ನೆಲದ ಸ್ಥಿತಿ’ ಎಂದು ಬರೆಯಿರಿ. ಎಮರಾಲ್ಡ್ ಬುಕ್‌ನಲ್ಲಿ ಇದನ್ನೂ ಹೊಣೆಗೆರೆಯಿಂದಲೇ ಅಳೆಯುತ್ತಾರೆ.

> ಸುರಂಗ ಸಂಸ್ಕೃತ. ಕನ್ನಡದಲ್ಲಿ ‘ಬಿಲದಾರಿ’ ಇರುವಾಗ ಎರವಲು ಯಾಕೆ? ಕರಾರು, ತಕರಾರು ಎಲ್ಲ ಕಿತ್ತು ಹಾಕಿ.

ಇದನ್ನು ಬರೆದವರಿಗೆ: ಸುರಂಗ ಮೂಲದಲ್ಲಿ ಸಂಸ್ಕೃತವೂ ಅಲ್ಲ ಸರ್. ಗ್ರೀಕಿನ ಸಿರಿಂಕ್ಸ್‌ನಿಂದ ಬಂದದ್ದು ಎಂದು ಬಲ್ಲವರು ಹೇಳುತ್ತಾರೆ. ಅದರ ಅರ್ಥ ಕೊಳಲು, ಕೊಳವೆ. ಅರ್ಥಶಾಸ್ತ್ರದಲ್ಲೂ ಆ ಪದ ಇದೆ. ಹಾಗಂತ ಬಿಡಬೇಕಾ? ಕಾಸರಗೋಡು, ದಕ್ಷಿಣ ಕನ್ನಡದ ಕಡೆ ರೈತರು ನೀರಿಗಾಗಿ ಮುರಕಲ್ಲಿನ ಗುಡ್ಡ ಅಡ್ಡಕ್ಕೆ ಕೊರೆದು ಸುರಂಗ ಅನ್ನುತ್ತಾರೆ. ಸಕಲೇಶಪುರ ಸುಬ್ರಹ್ಮಣ್ಯ ರೈಲು ದಾರಿಯಲ್ಲಿ 57 ಇವೆ, ಎಲ್ಲವೂ ಸುರಂಗವೇ. ಕರಾರು, ತಕರಾರು ಅರಬ್ಬಿಯಿಂದ ಬಂದವು, ಮೇಸ್ತ್ರಿ ಪೋರ್ಚುಗೀಸರದು. ಈ ಮೂರನ್ನೂ ಕಿತ್ತರೆ ಸೈಟಿನಲ್ಲಿ ಬಾಯಿ ಬಿಡುವ ಹಾಗೇ ಇಲ್ಲ. ಜನ ಆಗಲೇ ಆಡುತ್ತಿರುವ ಪದ ಯಾವ ಊರಿನದಾದರೂ ನಮ್ಮದೇ. ಆಡುಪದ ಇಲ್ಲದ ಕಡೆ ಮಾತ್ರ ಕಟ್ಟೋಣ. ಹೊಣೆಗೆರೆ ಅಂಥದ್ದು.

ಆಡುಪದ ಇದ್ದೂ ಬಿಟ್ಟಿರುವುದು ಒಂದಿದೆ, ಅದಕ್ಕೆ ನನಗೆ ಜಾಸ್ತಿ ಬೇಜಾರು. ಸುರಂಗದ ಬಾಯಿಯ ಹತ್ತಿರ ಆಗುವುದಕ್ಕೂ ಒಳಗೆ ಆಗುವುದಕ್ಕೂ ನೀವು ‘ಭೂಕುಸಿತ’ ಒಂದನ್ನೇ ಹಾಕಿದ್ದೀರಿ. ಕೊಡಗಿನಲ್ಲಿ ‘ಬರೆ’ ಅನ್ನುತ್ತೇವೆ. ಬರೆಯುವ ಬರೆ ಅಲ್ಲ, ಸುಡುವ ಬರೆಯೂ ಅಲ್ಲ. ರಸ್ತೆಗೋ ಮನೆಗೋ ಗುಡ್ಡ ಕಡಿದಾಗ ಹಿಂದೆ ನಿಲ್ಲುತ್ತದಲ್ವಾ ಕಡಿದಾದ ಮಣ್ಣು, ಅದು. 2018ರ ಆಗಸ್ಟ್ ಮಳೆಯಲ್ಲಿ ಮಡಿಕೇರಿ ಸುತ್ತ ಬರೆ ಜರಿದದ್ದು ನೋಡಿದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಸುರಂಗದ ಬಾಯಿಗೆಂದು ಗುಡ್ಡ ಕಡಿದರೆ ನಿಲ್ಲುವುದೂ ಬರೆಯೇ. ಹೊರಗಿನದಕ್ಕೆ ‘ಬರೆ ಜರಿತ’ ಹಾಕಿ. ಒಳಗೆ ಮೇಲಿಂದ ಬೀಳುವುದಕ್ಕೆ ‘ಚಾವಣಿ ಕುಸಿತ’. ಎರಡಕ್ಕೂ ಒಂದೇ ಪದ ಇದ್ದರೆ ನಾಳೆ ತಕರಾರಿನಲ್ಲಿ ಎಲ್ಲಿ ಬಿದ್ದದ್ದು ಎಂದು ಕಾಗದ ನೋಡಿ ಹೇಳಲಾಗುವುದಿಲ್ಲ.

ಓವರ್‌ಬ್ರೇಕ್ ಹಾಗೇ ಇರಲಿ, ಸೈಟಿನಲ್ಲಿ ಎಲ್ಲರೂ ಅನ್ನುವುದು ಅದನ್ನೇ. ‘ಗುರುತು ಹಾಕಿದ್ದಕ್ಕಿಂತ ಜಾಸ್ತಿ ಒಡೆದು ಹೋದದ್ದು’ ಎಂದು ಒಂದು ಸಾಲು ಸೇರಿಸಿ, ಸಾಕು.

ಪುಟಗಳನ್ನು ಭಾನುವಾರ ಮಧ್ಯಾಹ್ನದೊಳಗೆ ಕಳಿಸಿದರೆ ಪೂರ್ತಿ ಓದಿ ಕೊಡುತ್ತೇನೆ. ಇಲ್ಲಿ ಮಳೆ ಹಿಡಿದಿದೆ, ಸಂಜೆಯಾದರೆ ಕರೆಂಟ್ ಇರುವುದಿಲ್ಲ.