ಮೋಲಿಯೇರ್‌ನ ‘ದೋಂ ಜುವಾನ್’: ಎರಡು ಪಿಡಿಎಫ್, ಎರಡು ಪಾಠ

ಗಾಂಧಿಬಜಾರ್ ಓದುಗ:
ಬರುವ ಭಾನುವಾರ ಬಸವನಗುಡಿಯಲ್ಲಿ ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ಈ ನಾಟಕದ ವಾಚನ ಇದೆ. ಇಳಿಸಿಕೊಂಡ ಎರಡು ಫ್ರೆಂಚ್ ಪ್ರತಿ ತಾಳೆಯಾಗುತ್ತಿಲ್ಲ. ಒಂದರಲ್ಲಿ ಕಾಡಿನ ಭಿಕ್ಷುಕನ ದೃಶ್ಯ ಅರ್ಧಕ್ಕೇ ನಿಂತಿದೆ, ಕೊನೆಯಲ್ಲಿ ದೋಂ ಜುವಾನ್‌ನ ಆಳು ಸಂಬಳಕ್ಕೆ ಗೋಳಾಡುವುದೂ ಇಲ್ಲ. ಪುಟ ಬಿಟ್ಟುಹೋಗಿದೆಯೇ?

ಹಳೇ ಅಚ್ಚು:
ಪುಟ ಬಿಟ್ಟಿಲ್ಲ ಸಾರ್, ಸೆನ್ಸಾರ್ ಕತ್ತರಿ ಬಿದ್ದಿದೆ. ಪ್ಯಾರಿಸ್‌ನಲ್ಲಿ 1665ರ ಫೆಬ್ರವರಿ 15ಕ್ಕೆ ಶುರುವಾದ ನಾಟಕ 15 ಪ್ರದರ್ಶನಕ್ಕೇ ನಿಂತಿತು. ಮೋಲಿಯೇರ್ 1673ರಲ್ಲಿ ತೀರಿಕೊಂಡ; ಅಲ್ಲಿಯವರೆಗೂ ಇದು ಅಚ್ಚಾಗಲಿಲ್ಲ. 1682ರಲ್ಲಿ ಅವನ ತಂಡದ ನಟ ಲಾ ಗ್ರಾಂಜ್ ಮತ್ತಿತರರು ಸಮಗ್ರ ಕೃತಿ ತಂದಾಗ, ಅಚ್ಚಾಗಿದ್ದ ಹಾಳೆಗಳನ್ನು ಕಿತ್ತು ತಿದ್ದಿದ ಹಾಳೆ ಸೇರಿಸಬೇಕಾಯಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಂದ ಮುದ್ರಣದಲ್ಲಿ ಆ ದೃಶ್ಯ ಪೂರ್ತಿ ಇದೆ.

3ನೇ ಅಂಕ ತೆರೆದು ನೋಡಿ. ದೋಂ ಜುವಾನ್ ಚಿನ್ನದ ನಾಣ್ಯ ತೋರಿಸಿ, ದೇವರನ್ನು ಬೈದರೆ ಕೊಡುತ್ತೇನೆ ಅನ್ನುತ್ತಾನೆ. ಹಸಿವಿಂದ ಸತ್ತರೂ ಸರಿ, ಬೈಯೊಲ್ಲೆ ಅಂತ ಭಿಕ್ಷುಕ. ಕೊನೆಗೆ ದೋಂ ಜುವಾನ್ ‘ಮನುಷ್ಯತ್ವದ ಮೇಲಿನ ಪ್ರೀತಿಗೆ’ ಅಂತ ನಾಣ್ಯ ಕೊಟ್ಟುಬಿಡುತ್ತಾನೆ. ಇಷ್ಟೂ ಇದ್ದರೆ ಅದನ್ನೇ ಓದಿ. ನಾಟಕದ ಜೀವವೇ ಅಲ್ಲಿದೆ. ಅದಿಲ್ಲದ ಪ್ರತಿ ಕೈಗೆ ಕೊಟ್ಟರೆ ಓದುವವರಿಗೆ ಅನ್ಯಾಯ.

ರಂಗದ ಹಿಂದೆ:
ಇನ್ನೊಂದು ಪ್ರತಿಯೂ ಸಿಗುತ್ತದೆ, ಜೋಪಾನ. ಮಾತು ಪ್ರಾಸಬದ್ಧ ಪದ್ಯದಲ್ಲಿದ್ದರೆ ಅದು ನಾಟಕಕಾರ ತೊಮಾ ಕಾರ್ನೇಯ್ 1677ರಲ್ಲಿ ಮಾಡಿದ ರೂಪಾಂತರ. ಮೂಲ ಗದ್ಯ. ಫ್ರಾನ್ಸ್‌ನ ರಂಗಭೂಮಿ 1840ರ ದಶಕದವರೆಗೂ ಆಡುತ್ತಿದ್ದದ್ದು ಈ ಪದ್ಯವನ್ನೇ, ಅಂದರೆ ನೋಡುಗರ ಎಷ್ಟೋ ತಲೆಮಾರಿಗೆ ಮೋಲಿಯೇರ್‌ನ ಮಾತು ಕಿವಿಗೆ ಬೀಳಲೇ ಇಲ್ಲ. ಕನ್ನಡಕ್ಕೆ ಮೋಲಿಯೇರ್ ತನ್ನ ಇನ್ನೊಂದು ನಾಟಕ ‘ತಾರ್ತ್ಯುಫ್’ ಮೂಲಕ, ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯಾಗಿ ಬಂದದ್ದು ಬೇರೆಯೇ ದಾರಿ.

ಹಳೇ ಅಚ್ಚು:
ಸ್ಕ್ಯಾನ್‌ನಿಂದ ಪಠ್ಯ ನಕಲು ಮಾಡುವಾಗಲೂ ಎಚ್ಚರ. ಆ ಕಾಲದ ಉದ್ದನೆಯ ‘ಎಸ್’ ಅಕ್ಷರವನ್ನು ಸಾಫ್ಟ್‌ವೇರ್ ‘ಎಫ್’ ಅಂತ ಓದುತ್ತದೆ. ‘ಸಾಜ್’ (ವಿವೇಕಿ) ಹೋಗಿ ಅರ್ಥವಿಲ್ಲದ ‘ಫಾಜ್’ ಆಗುತ್ತದೆ. ಪುಟದ ಚಿತ್ರ ಪಕ್ಕಕ್ಕಿಟ್ಟುಕೊಂಡೇ ತಿದ್ದಿ. ದೃಶ್ಯಸಂಖ್ಯೆ ನಂಬಬೇಡಿ, 1734ರ ಮುದ್ರಣ ದೃಶ್ಯಗಳನ್ನು ಬೇರೆ ರೀತಿ ಒಡೆದಿದೆ. ವಾಚನದ ಗುಂಪಿಗೆ ಜಾಗ ತೋರಿಸುವಾಗ ಮಾತಿನ ಮೊದಲ ಪದ ಹೇಳಿ.

ಗಾಂಧಿಬಜಾರ್ ಓದುಗ:
ನೋಡಿದೆ, ಎರಡನೆಯದರಲ್ಲಿ ನಾಣ್ಯ ಇದೆ. ಕೊನೆಯ ಕೂಗನ್ನು ಕನ್ನಡದಲ್ಲಿ ಹೇಗೆ ಹೇಳಿಸಲಿ? ‘ನನ್ನ ವೇತನ’ ಅಂದರೆ ಸಪ್ಪೆ.

ರಂಗದ ಹಿಂದೆ:
‘ಅಯ್ಯೋ, ನನ್ನ ಸಂಬಳ! ನನ್ನ ಸಂಬಳ!’ ಎರಡು ಸಲವೂ ಇರಲಿ.